ಭಾರ ಎಳೆಯುವ ಪಿಕಪ್: ಆಕ್ಸಲ್ ಅನುಪಾತ ಮತ್ತು ಟೈರಿನ ಗಾತ್ರ

ಕುದುರೆಗಳ ಟ್ರೇಲರ್, ಒಣಹುಲ್ಲಿನ ಉರುಳೆಗಳು, ಮಣ್ಣು ಅಗೆಯುವ ಸಣ್ಣ ಯಂತ್ರಗಳು, ಅಡುಗೆಮನೆ-ಸ್ನಾನದಮನೆ ಸಮೇತವಾದ ಪ್ರವಾಸಿ ಟ್ರೇಲರ್: ಅಮೆರಿಕ ಮತ್ತು ಕೆನಡಾಗಳಲ್ಲಿ ಇವನ್ನೆಲ್ಲ ರೈತರು, ಗುತ್ತಿಗೆದಾರರು, ನಿವೃತ್ತರು ತಮ್ಮ ಸ್ವಂತ ಪಿಕಪ್‌ಗೆ ಕಟ್ಟಿಕೊಂಡು ಎಳೆಯುತ್ತಾರೆ. ನಮ್ಮಲ್ಲಿ ಲಾರಿಯೇ ಬೇಕಾಗುವಷ್ಟು ತೂಕವನ್ನು ಅಲ್ಲಿ ಹೆವಿ-ಡ್ಯೂಟಿ ಪಿಕಪ್ ನಿಭಾಯಿಸುತ್ತದೆ. ಇಂಥ ವಾಹನವನ್ನು ಕೊಳ್ಳುವವರು ಎಂಜಿನ್ನಿನ ಅಶ್ವಶಕ್ತಿಯನ್ನು ತಪ್ಪದೆ ವಿಚಾರಿಸುತ್ತಾರೆ. ಆದರೆ ಆ ಶಕ್ತಿ ರಸ್ತೆಗೆ ಹೇಗೆ ಇಳಿಯುತ್ತದೆ ಎಂಬುದನ್ನು ನಿರ್ಧರಿಸುವ ಎರಡು ಅಂಶಗಳು ಪಟ್ಟಿಯ ಕೆಳಗೆಲ್ಲೋ ಉಳಿದುಬಿಡುತ್ತವೆ. ಅವು ಆಕ್ಸಲ್ಲಿನ ಗೇರ್ ಅನುಪಾತ ಮತ್ತು ಟೈರಿನ ಗಾತ್ರ. ಇವನ್ನು ಬೇರೆಬೇರೆಯಾಗಿ ಆರಿಸಲು ಬರುವುದಿಲ್ಲ. ಒಂದನ್ನು ಬದಲಾಯಿಸಿದರೆ ಇನ್ನೊಂದರ ಪರಿಣಾಮವೂ ಬದಲಾಗುತ್ತದೆ.

ಹೆವಿ-ಡ್ಯೂಟಿ ಪಿಕಪ್ ಎಂದರೆ ಯಾವುದು

ಅಮೆರಿಕದಲ್ಲಿ ಸರಕು ವಾಹನಗಳನ್ನು ಅವುಗಳ ಗರಿಷ್ಠ ಅನುಮತ ತೂಕದ ಆಧಾರದ ಮೇಲೆ ವರ್ಗೀಕರಿಸಲಾಗಿದೆ. ವಾಹನ, ಇಂಧನ, ಜನ, ಸರಕು ಮತ್ತು ಟ್ರೇಲರ್ ವಾಹನದ ಮೇಲೆ ಊರುವ ಭಾರ ಸೇರಿ 8,501ರಿಂದ 10,000 ಪೌಂಡ್, ಅಂದರೆ ಸುಮಾರು 3,860ರಿಂದ 4,540 ಕಿಲೊ ಇರುವವು '2ಬಿ' ವರ್ಗಕ್ಕೆ ಸೇರುತ್ತವೆ. ಅಲ್ಲಿಂದ 14,000 ಪೌಂಡ್ ಅಥವಾ 6,350 ಕಿಲೊವರೆಗಿನವು 3ನೆಯ ವರ್ಗದವು. ಫೋರ್ಡ್ ಎಫ್-250, ಎಫ್-350, ಎಫ್-450, ರ‍್ಯಾಮ್ 2500 ಮತ್ತು 3500, ಷೆವ್ರೊಲೆ ಸಿಲ್ವರಾಡೊ 2500 ಮತ್ತು 3500 ಈ ಎರಡು ವರ್ಗಗಳ ಪ್ರಮುಖ ಮಾದರಿಗಳು. ಇವುಗಳಲ್ಲಿ ಹಿಂದಿನ ಆಕ್ಸಲ್ಲಿಗೆ ಬದಿಗೊಂದರಂತೆ ಎರಡು ಟೈರುಗಳಿರುವ ಮಾದರಿಗಳೂ, ಬದಿಗೆರಡರಂತೆ ನಾಲ್ಕು ಟೈರುಗಳಿರುವ 'ಡ್ಯೂಯಲಿ' ಮಾದರಿಗಳೂ ಸಿಗುತ್ತವೆ.

ಈ ವಾಹನಗಳ ಎಳೆಯುವ ಸಾಮರ್ಥ್ಯ ಬೆರಗು ಹುಟ್ಟಿಸುವಂಥದು. 2023ರ ಎಫ್-450ಕ್ಕೆ ಕಂಪನಿ ಘೋಷಿಸಿದ ಗರಿಷ್ಠ ಎಳೆಯುವ ತೂಕ 40,000 ಪೌಂಡ್, ಅಂದರೆ 18 ಟನ್ನಿಗೂ ಸ್ವಲ್ಪ ಹೆಚ್ಚು. ಜಾಹೀರಾತಿನಲ್ಲಿ ಮಿನುಗುವ ಇಂಥ ಅಂಕಿ ಒಂದು ನಿರ್ದಿಷ್ಟ ಕ್ಯಾಬಿನ್, ನಿರ್ದಿಷ್ಟ ಎಂಜಿನ್, ನಿರ್ದಿಷ್ಟ ಆಕ್ಸಲ್ ಸೇರಿದಾಗ ಮಾತ್ರ ಸತ್ಯ. ಅದೇ ಹೆಸರಿನ, ಅದೇ ಬಣ್ಣದ ಪಕ್ಕದ ವಾಹನಕ್ಕೆ ಅದು ಅನ್ವಯಿಸಬೇಕಿಲ್ಲ.

ಆಕ್ಸಲ್ ಅನುಪಾತ

ಎಂಜಿನ್ನಿನ ತಿರುಗುಬಲ, ಅಂದರೆ ಟಾರ್ಕ್, ಗೇರ್‌ಬಾಕ್ಸಿನಿಂದ ಹೊರಟು ಉದ್ದನೆಯ ಡ್ರೈವ್‌ಶಾಫ್ಟ್ ಮೂಲಕ ಹಿಂದಿನ ಆಕ್ಸಲ್ಲಿನ ಹೌಸಿಂಗಿಗೆ ಬರುತ್ತದೆ. ಅದರೊಳಗೆ ಎರಡು ಹಲ್ಲುಚಕ್ರಗಳಿವೆ. ಡ್ರೈವ್‌ಶಾಫ್ಟಿಗೆ ಸೇರಿದ ಚಿಕ್ಕದು ಪಿನಿಯನ್. ಅದು ತಿರುಗಿಸುವ ದೊಡ್ಡ ಚಕ್ರವೇ ನಮ್ಮ ಲಾರಿ ಗ್ಯಾರೇಜುಗಳ ಕ್ರೌನ್. ಕ್ರೌನಿನ ಹಲ್ಲುಗಳ ಸಂಖ್ಯೆಯನ್ನು ಪಿನಿಯನ್ನಿನ ಹಲ್ಲುಗಳ ಸಂಖ್ಯೆಯಿಂದ ಭಾಗಿಸಿದರೆ ಬರುವುದೇ ಆಕ್ಸಲ್ ಅನುಪಾತ. ಕ್ರೌನಿಗೆ 41 ಹಲ್ಲು, ಪಿನಿಯನ್ನಿಗೆ 11 ಹಲ್ಲು ಇದ್ದರೆ ಅನುಪಾತ 3.73. ಅದೇ 41 ಹಲ್ಲಿನ ಕ್ರೌನಿಗೆ 10 ಹಲ್ಲಿನ ಪಿನಿಯನ್ ಕೂಡಿಸಿದರೆ 4.10. 43 ಮತ್ತು 10 ಸೇರಿದರೆ 4.30. ಒಂದೇ ಒಂದು ಹಲ್ಲಿನ ವ್ಯತ್ಯಾಸದಿಂದ ವಾಹನದ ಗುಣವೇ ಬದಲಾಗುವುದು ಹೀಗೆ.

ಅನುಪಾತ 3.73 ಎಂದರೆ ಡ್ರೈವ್‌ಶಾಫ್ಟ್ 3.73 ಸುತ್ತು ತಿರುಗಿದಾಗ ಚಕ್ರ ಒಂದು ಸುತ್ತು ತಿರುಗುತ್ತದೆ. ವೇಗ ಅಷ್ಟು ಪಾಲು ಇಳಿಯುತ್ತದೆ. ಘರ್ಷಣೆಯ ನಷ್ಟ ಬಿಟ್ಟರೆ ತಿರುಗುಬಲ ಅಷ್ಟೇ ಪಾಲು ಏರುತ್ತದೆ. ಆದ್ದರಿಂದ ಅಂಕಿ ದೊಡ್ಡದಾದಷ್ಟೂ ಎಳೆತ ಹೆಚ್ಚು, ಅದೇ ವೇಗಕ್ಕೆ ಎಂಜಿನ್ ತಿರುಗಬೇಕಾದ ಸುತ್ತುಗಳೂ ಹೆಚ್ಚು. ಇನ್ನೊಂದು ಪ್ರಯೋಜನವನ್ನು ಮಾರಾಟಗಾರರು ಅಷ್ಟಾಗಿ ಹೇಳುವುದಿಲ್ಲ. ಚಕ್ರಕ್ಕೆ ಬೇಕಾದ ಬಲವನ್ನು ಕೊನೆಯ ಹಂತದಲ್ಲಿ ಹೆಚ್ಚು ಗುಣಿಸಿದರೆ ಅದಕ್ಕೂ ಮುಂಚಿನ ಭಾಗಗಳ ಮೇಲೆ ಒತ್ತಡ ಕಡಿಮೆಯಾಗುತ್ತದೆ. ಚಕ್ರದಲ್ಲಿ ಒಂದೇ ಎಳೆತ ಬರಲು 3.55 ಆಕ್ಸಲ್ಲಿನ ಡ್ರೈವ್‌ಶಾಫ್ಟ್ 4.10 ಆಕ್ಸಲ್ಲಿನದಕ್ಕಿಂತ ಶೇ 15ರಷ್ಟು ಹೆಚ್ಚು ತಿರುಚು ತಾಳಿಕೊಳ್ಳಬೇಕು. ದಿನವೂ ಹತ್ತು ಟನ್ ಎಳೆಯುವ ವಾಹನಕ್ಕೆ ಇದು ಸಣ್ಣ ಮಾತಲ್ಲ.

ಇದಕ್ಕೆ ಪಿನಿಯನ್ ಬೆಲೆ ತೆರಬೇಕಾಗುತ್ತದೆ. ಕ್ರೌನಿನ ಅಳತೆ ಬದಲಾಗದೆ ಅನುಪಾತ ಏರಬೇಕಾದರೆ ಪಿನಿಯನ್ ಚಿಕ್ಕದಾಗಬೇಕು. 4.88 ಅನುಪಾತಕ್ಕೆ ಸಾಮಾನ್ಯವಾಗಿ ಪಿನಿಯನ್ನಿನಲ್ಲಿ ಎಂಟೇ ಹಲ್ಲುಗಳಿರುತ್ತವೆ. ಆ ಎಂಟು ಹಲ್ಲುಗಳ ಮೇಲೆಯೇ ಎಲ್ಲ ಭಾರ. ಹೆವಿ-ಡ್ಯೂಟಿ ವಾಹನಗಳಿಗೆ ದೊಡ್ಡ ವ್ಯಾಸದ ಕ್ರೌನ್ ಹಾಕುವುದು ಈ ಕಾರಣಕ್ಕೆ. 2000ದ ದಶಕದಿಂದ ಜನರಲ್ ಮೋಟರ್ಸ್ ಮತ್ತು ಡಾಡ್ಜ್ ಪಿಕಪ್‌ಗಳಲ್ಲಿ ಬಂದ ಪ್ರಸಿದ್ಧ ಆಕ್ಸಲ್ಲಿನ ಹೆಸರಿನಲ್ಲಿರುವ 11.5 ಎಂಬ ಅಂಕಿ, ಅದರ ಕ್ರೌನಿನ ವ್ಯಾಸದ ಇಂಚುಗಳೇ.

ಅನುಪಾತವನ್ನು ಪತ್ತೆ ಮಾಡುವ ಬಗೆ

ಹಳೆಯ ವಾಹನ ಕೊಳ್ಳುವವರಿಗೆ ಈ ವಿದ್ಯೆ ಉಪಯುಕ್ತ. ಫೋರ್ಡ್ ವಾಹನಗಳಲ್ಲಿ ಚಾಲಕನ ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಆಕ್ಸಲ್ಲಿನ ಸಂಕೇತವಿರುತ್ತದೆ. ಹಲವು ಆಕ್ಸಲ್‌ಗಳ ಬೋಲ್ಟಿಗೆ ಸಿಕ್ಕಿಸಿದ ತಗಡಿನ ಬಿಲ್ಲೆಯಲ್ಲೂ ಅನುಪಾತ ಕೊರೆದಿರುತ್ತದೆ. ಬಿಲ್ಲೆಯ ಮೇಲೆ '3 ಎಲ್ 73' ಎಂದಿದ್ದರೆ ಅನುಪಾತ 3.73; ನಡುವಿನ 'ಎಲ್' ಅಕ್ಷರ, ಒಂದು ಚಕ್ರ ಜಾರಿದಾಗ ಇನ್ನೊಂದಕ್ಕೂ ಬಲ ಹಂಚುವ ಲಿಮಿಟೆಡ್ ಸ್ಲಿಪ್ ವ್ಯವಸ್ಥೆಯ ಗುರುತು. ಜನರಲ್ ಮೋಟರ್ಸ್ ಪಿಕಪ್‌ಗಳ ಗ್ಲವ್ ಬಾಕ್ಸಿನಲ್ಲಿ ಬಹುಕಾಲ ಅಂಟಿಸುತ್ತಿದ್ದ ಚೀಟಿಯಲ್ಲಿ 'ಜಿಯು6' ಎಂದರೆ 3.42, 'ಜಿಟಿ4' ಎಂದರೆ 3.73, 'ಜಿಟಿ5' ಎಂದರೆ 4.10.

ಚೀಟಿ ಹರಿದಿದ್ದರೆ, ಅಥವಾ ಹಿಂದಿನ ಮಾಲೀಕ ಗೇರು ಬದಲಿಸಿದ್ದಾನೆಂಬ ಅನುಮಾನವಿದ್ದರೆ, ಸೀಮೆಸುಣ್ಣದ ಒಂದು ತುಂಡು ಸಾಕು. ಮುಂದಿನ ಚಕ್ರಗಳಿಗೆ ಅಡ್ಡಗಟ್ಟೆ ಕೊಟ್ಟು, ಗೇರನ್ನು ನ್ಯೂಟ್ರಲ್ಲಿನಲ್ಲಿಟ್ಟು, ಹಿಂದಿನ ಒಂದೇ ಚಕ್ರವನ್ನು ಜ್ಯಾಕಿನಿಂದ ಎತ್ತಿ, ಸ್ಟ್ಯಾಂಡಿನ ಮೇಲೆ ಭದ್ರವಾಗಿ ನಿಲ್ಲಿಸಬೇಕು. ಟೈರಿನ ಮೇಲೊಂದು, ಡ್ರೈವ್‌ಶಾಫ್ಟಿನ ಮೇಲೊಂದು ಗೆರೆ ಎಳೆದು, ಎತ್ತಿದ ಚಕ್ರವನ್ನು ಕೈಯಿಂದ ಸರಿಯಾಗಿ ಎರಡು ಸುತ್ತು ತಿರುಗಿಸಬೇಕು. ಎರಡು ಚಕ್ರಗಳನ್ನು ಬೇರೆಬೇರೆ ವೇಗದಲ್ಲಿ ತಿರುಗಲು ಬಿಡುವ ಸಾಮಾನ್ಯ ಡಿಫರೆನ್ಷಿಯಲ್ಲಿನಲ್ಲಿ ಒಂದು ಚಕ್ರ ನಿಂತಿರುವಾಗ ಇನ್ನೊಂದರ ಎರಡು ಸುತ್ತು ಕ್ರೌನಿನ ಒಂದು ಸುತ್ತಿಗೆ ಸಮ. ಅಷ್ಟರಲ್ಲಿ ಡ್ರೈವ್‌ಶಾಫ್ಟ್ ಮೂರು ಸುತ್ತು ಮುಗಿಸಿ ಮುಕ್ಕಾಲಿಗೆ ತುಸು ಮೊದಲೇ ನಿಂತರೆ ಅದು 3.73, ನಾಲ್ಕು ದಾಟಿ ಸ್ವಲ್ಪ ಮುಂದೆ ಹೋದರೆ 4.10. ಲಿಮಿಟೆಡ್ ಸ್ಲಿಪ್ ಇರುವ ಆಕ್ಸಲ್ಲಿನಲ್ಲಿ ಎರಡೂ ಚಕ್ರಗಳನ್ನು ಎತ್ತಿ ಒಂದು ಸುತ್ತು ತಿರುಗಿಸಿದರೆ ಇದೇ ಲೆಕ್ಕ ಸಿಗುತ್ತದೆ.

ಟೈರು ಎಂಬ ಕೊನೆಯ ಗೇರು

ಆಕ್ಸಲ್ಲಿನ ನಂತರವೂ ಬಲ ಒಂದು ಹಂತ ದಾಟಬೇಕು. ಟೈರಿನ ತ್ರಿಜ್ಯ ದೊಡ್ಡದಾದಷ್ಟೂ ಅದೇ ತಿರುಗುಬಲದಿಂದ ನೆಲದ ಮೇಲೆ ಸಿಗುವ ಎಳೆತ ಕಡಿಮೆ. ಹೀಗಾಗಿ ಟೈರನ್ನೂ ಒಂದು ಗೇರೆಂದೇ ಪರಿಗಣಿಸಬೇಕು.

ಟೈರಿನ ಪಕ್ಕದಲ್ಲಿ ಅಚ್ಚಾದ ಸಂಕೇತದಿಂದಲೇ ಅದರ ಎತ್ತರವನ್ನು ಲೆಕ್ಕ ಹಾಕಬಹುದು. 'ಎಲ್‌ಟಿ 275/70 ಆರ್ 18' ಎಂಬುದನ್ನು ತೆಗೆದುಕೊಳ್ಳೋಣ. 'ಎಲ್‌ಟಿ' ಎಂದರೆ ಲಘು ಟ್ರಕ್ಕಿನ ಟೈರು. 275 ಅದರ ಅಗಲದ ಮಿಲಿಮೀಟರುಗಳು. 70 ಎಂದರೆ ಪಕ್ಕದ ಗೋಡೆಯ ಎತ್ತರ ಅಗಲದ ಶೇ 70. 'ಆರ್' ರೇಡಿಯಲ್ ರಚನೆಯನ್ನೂ 18 ರಿಮ್ಮಿನ ವ್ಯಾಸದ ಇಂಚುಗಳನ್ನೂ ಸೂಚಿಸುತ್ತವೆ. 275ರ ಶೇ 70 ಎಂದರೆ 192.5 ಮಿ.ಮೀ. ರಿಮ್ಮಿನ ಮೇಲೊಂದು ಕೆಳಗೊಂದು ಗೋಡೆ ಇರುವುದರಿಂದ 385 ಮಿ.ಮೀ., ಅಂದರೆ 15.2 ಇಂಚು. ಅದಕ್ಕೆ ರಿಮ್ಮಿನ 18 ಸೇರಿಸಿದರೆ ಒಟ್ಟು ಎತ್ತರ 33.2 ಇಂಚು. ಇದೇ ರೀತಿ 'ಎಲ್‌ಟಿ 245/75 ಆರ್ 17' ಟೈರಿನ ಎತ್ತರ 31.5 ಇಂಚು, 'ಎಲ್‌ಟಿ 275/65 ಆರ್ 20' ಟೈರಿನದು 34.1 ಇಂಚು. ದೊಡ್ಡ ಟೈರುಗಳಲ್ಲಿ ಕೆಲವಕ್ಕೆ '35×12.50 ಆರ್ 20' ಎಂಬ ಬೇರೆ ಸಂಕೇತವಿದೆ. ಅಲ್ಲಿ ಎತ್ತರವೂ ಅಗಲವೂ ನೇರವಾಗಿ ಇಂಚುಗಳಲ್ಲೇ ಇರುತ್ತವೆ. ಭಾರ ಹೊತ್ತ ಟೈರು ನೆಲಕ್ಕೆ ತಗಲುವಲ್ಲಿ ಚಪ್ಪಟೆಯಾಗುವುದರಿಂದ ಉರುಳುವಾಗಿನ ಅಳತೆ ಈ ಲೆಕ್ಕಕ್ಕಿಂತ ಸುಮಾರು ಶೇ 3ರಷ್ಟು ಕಡಿಮೆ. ಹೋಲಿಕೆಗೆ ಮಾತ್ರ ಇದರಿಂದ ತೊಂದರೆಯಿಲ್ಲ.

ಟೈರು ಬದಲಾದಾಗ ಅನುಪಾತ ಪರಿಣಾಮದಲ್ಲಿ ಎಷ್ಟಾಗುತ್ತದೆ ಎಂಬುದಕ್ಕೆ ಸೂತ್ರ ಸರಳ: ಮೂಲ ಅನುಪಾತವನ್ನು ಹಳೆಯ ವ್ಯಾಸದಿಂದ ಗುಣಿಸಿ ಹೊಸ ವ್ಯಾಸದಿಂದ ಭಾಗಿಸಬೇಕು. 3.55 ಆಕ್ಸಲ್ಲಿನ ಪಿಕಪ್‌ಗೆ 33.2 ಇಂಚಿನ ಟೈರು ತೆಗೆದು 35 ಇಂಚಿನದನ್ನು ಹಾಕಿದರೆ ಅದು 3.37 ಆಕ್ಸಲ್ಲಿನಂತೆ ವರ್ತಿಸುತ್ತದೆ. 37 ಇಂಚಿನ ಟೈರಿಗೆ ಅದು 3.19ಕ್ಕೆ ಇಳಿಯುತ್ತದೆ. ಹಳೆಯ ಎಳೆತವನ್ನು ಮರಳಿ ಪಡೆಯಲು ಲೆಕ್ಕದ ಪ್ರಕಾರ 3.96 ಬೇಕು. ಮಾರುಕಟ್ಟೆಯಲ್ಲಿ ಅದಕ್ಕೆ ಹತ್ತಿರವಾಗಿ ಸಿಗುವುದು 4.10.

ಡ್ಯೂಯಲಿ ಪಿಕಪ್‌ಗಳಿಗೆ ಕಾರ್ಖಾನೆಯಿಂದಲೇ 31-32 ಇಂಚಿನ, ನೋಡಲು ಪುಟ್ಟದೆನಿಸುವ ಟೈರು ಬರುತ್ತದೆ. ಎಫ್-450ಕ್ಕೆ ಬರುವುದು ವಾಣಿಜ್ಯ ವಾಹನಗಳ '225/70 ಆರ್ 19.5' ಟೈರು; ಅದರ ಎತ್ತರ 31.9 ಇಂಚು ಮಾತ್ರ. ಅದರ 4.30 ಆಕ್ಸಲ್, 33.2 ಇಂಚಿನ ಟೈರಿಗೆ ಹೋಲಿಸಿದರೆ ಸುಮಾರು 4.48ಕ್ಕೆ ಸಮ. ಈ ವಾಹನ ವಿನ್ಯಾಸಗೊಳಿಸಿದವರು ಎತ್ತರದ ಠೀವಿಯನ್ನು ಬಿಟ್ಟು ಕೆಲಸವನ್ನು ಆರಿಸಿಕೊಂಡಿದ್ದಾರೆ.

ಹತ್ತು ಗೇರು ಬಂದ ಮೇಲೆ

'ಎಳೆಯುವುದಕ್ಕೆ 4.10 ಇಲ್ಲದೆ ಆಗದು' ಎಂಬ ಮಾತು ಹಳೆಯ ಚಾಲಕರ ಬಾಯಲ್ಲಿ ಇಂದಿಗೂ ಇದೆ. ಗೇರ್‌ಬಾಕ್ಸಿನಲ್ಲಿ ನಾಲ್ಕೋ ಐದೋ ಗೇರುಗಳಿದ್ದ ಕಾಲಕ್ಕೆ ಅದು ಸರಿಯಾದ ಮಾತೇ. ಈಗ ಅದನ್ನು ಲೆಕ್ಕ ಹಾಕಿಯೇ ಒಪ್ಪಬೇಕು.

ವಾಹನ ನಿಂತಲ್ಲಿಂದ ಹೊರಡುವಾಗ ಕೆಲಸ ಮಾಡುವುದು ಆಕ್ಸಲ್ ಅನುಪಾತವೊಂದೇ ಅಲ್ಲ. ಮೊದಲ ಗೇರಿನ ಅನುಪಾತದೊಡನೆ ಅದರ ಗುಣಲಬ್ಧ. ಫೋರ್ಡ್ ಡೀಸೆಲ್ ಪಿಕಪ್‌ಗಳಲ್ಲಿ 2011ರಿಂದ ಇದ್ದ ಆರು ಗೇರಿನ ಪೆಟ್ಟಿಗೆಯ ಮೊದಲ ಗೇರು 3.97. ಅದಕ್ಕೆ 4.10 ಆಕ್ಸಲ್ ಕೂಡಿದರೆ ಗುಣಲಬ್ಧ 16.3. 2020ರಲ್ಲಿ ಬಂದ ಹತ್ತು ಗೇರಿನ ಪೆಟ್ಟಿಗೆಯಲ್ಲಿ ಮೊದಲ ಗೇರು 4.615. ಇದಕ್ಕೆ ಬರೀ 3.55 ಆಕ್ಸಲ್ ಕೂಡಿಸಿದರೂ ಗುಣಲಬ್ಧ 16.4. ಅಂದರೆ ಹೊಸ ವಾಹನದ ಸೌಮ್ಯ ಆಕ್ಸಲ್ಲು ಹಳೆಯ ವಾಹನದ ಖಡಕ್ ಆಕ್ಸಲ್ಲಿನಷ್ಟೇ ಬಲವಾಗಿ ಹೊರಡುತ್ತದೆ. ಜನರಲ್ ಮೋಟರ್ಸ್‌ನ ಡೀಸೆಲ್ ವಾಹನಗಳಲ್ಲಿ ಈ ಬದಲಾವಣೆ ಇನ್ನೂ ಸ್ಪಷ್ಟ. ಆಲಿಸನ್ ಹೆಸರಿನ ಹಳೆಯ ಆರು ಗೇರಿನ ಪೆಟ್ಟಿಗೆ 3.10ರಿಂದ ಶುರುವಾಗುತ್ತಿತ್ತು, 3.73 ಆಕ್ಸಲ್ಲಿನೊಡನೆ ಗುಣಲಬ್ಧ 11.6. 2020ರಲ್ಲಿ ಹತ್ತು ಗೇರಿನ ಪೆಟ್ಟಿಗೆ ತಂದಾಗ ಕಂಪನಿ ಆಕ್ಸಲ್ಲನ್ನು 3.42ಕ್ಕೆ ಇಳಿಸಿತು. ವಾಹನವನ್ನು ದುರ್ಬಲಗೊಳಿಸಿತೆಂದು ಕಾಗದದ ಮೇಲೆ ತೋರಬಹುದು. ಆದರೆ ಮೊದಲ ಗೇರು 4.54 ಆದದ್ದರಿಂದ ಗುಣಲಬ್ಧ 15.5ಕ್ಕೆ ಏರಿತು. ಹೊರಡುವ ಎಳೆತ ಮೂರನೇ ಒಂದು ಪಾಲಿನಷ್ಟು ಹೆಚ್ಚಿತು.

ಇನ್ನೊಂದು ತುದಿಯಲ್ಲಿ, ಹೆದ್ದಾರಿಯ ವೇಗದಲ್ಲಿ ಏನಾಗುತ್ತದೆ? 33.2 ಇಂಚಿನ ಟೈರು ಗಂಟೆಗೆ 100 ಕಿ.ಮೀ. ವೇಗದಲ್ಲಿ ನಿಮಿಷಕ್ಕೆ ಸುಮಾರು 630 ಸುತ್ತು ಉರುಳುತ್ತದೆ. 3.55 ಆಕ್ಸಲ್ಲಿನಲ್ಲಿ ಡ್ರೈವ್‌ಶಾಫ್ಟ್ ಸುಮಾರು 2,240 ಸುತ್ತು ತಿರುಗುತ್ತದೆ. ಫೋರ್ಡಿನ ಹತ್ತನೆಯ ಗೇರು 0.632 ಆದದ್ದರಿಂದ ಎಂಜಿನ್ನಿಗೆ 1,410 ಸುತ್ತು ಸಾಕು. 4.30 ಆಕ್ಸಲ್ಲಿಗೆ ಅದು 1,710 ಆಗುತ್ತದೆ. ವರ್ಷದ ಬಹುಪಾಲು ಖಾಲಿ ಓಡುವ ವಾಹನಕ್ಕೆ ಈ 300 ಸುತ್ತುಗಳ ವ್ಯತ್ಯಾಸ ಇಂಧನದಲ್ಲೂ ಸದ್ದಿನಲ್ಲೂ ಕಾಣುತ್ತದೆ. ಇದರ ಖರ್ಚನ್ನು ಖರೀದಿದಾರ ಮೊದಲೇ ಅಂದಾಜಿಸುವುದೂ ಕಷ್ಟ. 8,500 ಪೌಂಡ್ ಮೀರಿದ ಪಿಕಪ್‌ಗಳಿಗೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಮೈಲೇಜ್ ಚೀಟಿ ಅಂಟಿಸುವ ನಿಯಮವೇ ಇಲ್ಲ.

ಏರುದಾರಿಯ ಲೆಕ್ಕ

ಟ್ರೇಲರ್ ಎಳೆಯುವವರ ನಿಜವಾದ ಪರೀಕ್ಷೆ ಘಟ್ಟದಲ್ಲಿ. ವಾಹನ ಮತ್ತು ಟ್ರೇಲರ್ ಸೇರಿ ಹತ್ತು ಟನ್ ಇದೆ, ರಸ್ತೆ ನೂರು ಮೀಟರಿಗೆ ಆರು ಮೀಟರ್ ಏರುತ್ತಿದೆ ಎಂದುಕೊಳ್ಳೋಣ. ಗಂಟೆಗೆ 80 ಕಿ.ಮೀ. ವೇಗ ಉಳಿಸಿಕೊಳ್ಳಲು ಗುರುತ್ವವನ್ನು ಗೆಲ್ಲುವುದಕ್ಕೇ ಸುಮಾರು 175 ಅಶ್ವಶಕ್ತಿ ಚಕ್ರಗಳಲ್ಲಿ ಬೇಕು. ಎತ್ತರದ ಡಬ್ಬದಂಥ ಟ್ರೇಲರ್ ಎದುರಿಸುವ ಗಾಳಿ, ಟೈರುಗಳ ಘರ್ಷಣೆ ಸೇರಿದರೆ ಅದು 250ರ ಆಸುಪಾಸಿಗೆ ಬರುತ್ತದೆ. ಯಾವ ಆಕ್ಸಲ್ ಹಾಕಿದರೂ ಈ 250 ಕಡಿಮೆಯಾಗುವುದಿಲ್ಲ. ಗೇರು ಶಕ್ತಿಯನ್ನು ಸೃಷ್ಟಿಸುವುದಿಲ್ಲ. ಶಕ್ತಿ ಸಿಗುವ ಸುತ್ತುಗಳಿಗೆ ಎಂಜಿನ್ನನ್ನು ಒಯ್ದು ನಿಲ್ಲಿಸುತ್ತದೆ, ಅಷ್ಟೆ.

ಫೋರ್ಡಿನ 6.7 ಲೀಟರ್ ಡೀಸೆಲ್ ಎಂಜಿನ್ 2020ರ ಮಾದರಿಯಲ್ಲಿ ಗರಿಷ್ಠ ಟಾರ್ಕನ್ನು 1,600 ಸುತ್ತಿನಲ್ಲೂ ಗರಿಷ್ಠ ಶಕ್ತಿಯನ್ನು 2,600 ಸುತ್ತಿನಲ್ಲೂ ಕೊಡುತ್ತದೆ. 80 ಕಿ.ಮೀ. ವೇಗದಲ್ಲಿ 3.55 ಆಕ್ಸಲ್ಲಿನ ವಾಹನ ಐದನೆಯ ಗೇರಿಗೆ ಇಳಿದರೆ ಎಂಜಿನ್ ಸುಮಾರು 2,720 ಸುತ್ತಿನಲ್ಲಿರುತ್ತದೆ. 4.10 ಆಕ್ಸಲ್ಲಿನದು ಆರನೆಯ ಗೇರಿನಲ್ಲಿ 2,640 ಸುತ್ತಿನಲ್ಲಿರುತ್ತದೆ. ಎರಡೂ ಒಂದೇ ವೇಗದಲ್ಲಿ, ಹೆಚ್ಚುಕಡಿಮೆ ಒಂದೇ ಸದ್ದಿನೊಡನೆ ಘಟ್ಟ ಏರುತ್ತವೆ. ಚಾಲಕನ ಮುಂದಿರುವ ಗೇರಿನ ಅಂಕಿ ಮಾತ್ರ ಬೇರೆ. ಆರು ಗೇರಿನ ಕಾಲದಲ್ಲಿ ಗೇರುಗಳ ನಡುವಿನ ಅಂತರ ದೊಡ್ಡದಿತ್ತು. ಒಂದು ಗೇರಿನಲ್ಲಿ ಎಂಜಿನ್ ಏದುಸಿರು ಬಿಟ್ಟರೆ ಅದರ ಕೆಳಗಿನದರಲ್ಲಿ ಅರಚುತ್ತಿತ್ತು. ಆಗ ಆಕ್ಸಲ್ಲನ್ನು ಸರಿಯಾಗಿ ಆರಿಸುವುದೊಂದೇ ದಾರಿಯಾಗಿತ್ತು.

ಪೆಟ್ರೋಲ್ ಎಂಜಿನ್ನಿನ ಕತೆ ಬೇರೆ. ಟರ್ಬೊ ಇಲ್ಲದ ದೊಡ್ಡ ಪೆಟ್ರೋಲ್ ಎಂಜಿನ್ ಅಷ್ಟೇ ಶಕ್ತಿ ಕೊಡಲು 4,000 ಸುತ್ತಿನ ಆಸುಪಾಸಿಗೆ ಏರಬೇಕು. ಅದರ ಮೇಲೆ ಎತ್ತರದ ಪ್ರದೇಶಗಳ ವಿರಳ ಗಾಳಿಯಲ್ಲಿ ಪ್ರತಿ 300 ಮೀಟರಿಗೆ ಅಂದಾಜು ಶೇ 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಕೊಲರಾಡೊದ 70ನೆಯ ಅಂತರರಾಜ್ಯ ಹೆದ್ದಾರಿಯಲ್ಲಿರುವ ಐಸೆನ್‌ಹೋವರ್ ಸುರಂಗ ಸಮುದ್ರಮಟ್ಟದಿಂದ 3,400 ಮೀಟರ್ ಎತ್ತರದಲ್ಲಿದೆ. ಅಲ್ಲಿಗೆ ತಲುಪುವ ಹೊತ್ತಿಗೆ ಇಂಥ ಎಂಜಿನ್ ತನ್ನ ಶಕ್ತಿಯ ಮೂರನೇ ಒಂದು ಪಾಲನ್ನು ಕೆಳಗೇ ಬಿಟ್ಟು ಬಂದಿರುತ್ತದೆ. ಟರ್ಬೊ ಇರುವ ಡೀಸೆಲ್ಲಿಗೆ ಈ ನಷ್ಟ ಬಹಳ ಕಡಿಮೆ. ಪೆಟ್ರೋಲ್ ಪಿಕಪ್‌ನಲ್ಲಿ ಎಳೆಯುವವರು 4.30ರಂಥ ಅನುಪಾತವನ್ನು ಹಿಂಜರಿಯದೆ ಆರಿಸಬೇಕಾದ ಕಾರಣ ಇದು.

ಎಳೆಯುವ ಸಾಮರ್ಥ್ಯವನ್ನು ಕಂಪನಿಗಳು ತಮ್ಮಿಷ್ಟದಂತೆ ಹೇಳಿಕೊಳ್ಳುತ್ತಿದ್ದ ಕಾಲವೂ ಇತ್ತು. ಅಮೆರಿಕದ ವಾಹನ ತಂತ್ರಜ್ಞರ ಸಂಘ ಎಸ್‌ಎಇ ರೂಪಿಸಿದ ಜೆ2807 ಮಾನಕ ಅದಕ್ಕೊಂದು ಅಳತೆಗೋಲು ತಂದಿತು. ಅದರ ಘಟ್ಟದ ಪರೀಕ್ಷೆಗೆ ಮಾದರಿ ಅರಿಜೋನದ ಡೇವಿಸ್ ಅಣೆಕಟ್ಟಿನ ಬಳಿಯ ಏರು. ಮರುಭೂಮಿಯ ಬಿಸಿಲಿನಲ್ಲಿ, ಏರ್ ಕಂಡೀಷನರ್ ಪೂರ್ಣ ಚಾಲೂ ಇಟ್ಟು, ಸುಮಾರು 18 ಕಿ.ಮೀ. ಏರನ್ನು ನಿಗದಿತ ವೇಗಕ್ಕಿಂತ ಕೆಳಗಿಳಿಯದೆ ದಾಟಬೇಕು. ಸಾಮಾನ್ಯ ಪಿಕಪ್‌ಗೆ ಆ ವೇಗ ಗಂಟೆಗೆ 40 ಮೈಲಿ, ಡ್ಯೂಯಲಿಗೆ 35 ಮೈಲಿ. ಇನ್ನೊಂದು ಪರೀಕ್ಷೆಯಲ್ಲಿ ಶೇ 12ರ ಏರಿನ ಮೇಲೆ ನಿಂತಲ್ಲಿಂದ ಐದು ನಿಮಿಷಗಳೊಳಗೆ ಐದು ಬಾರಿ ಹೊರಟು ತೋರಿಸಬೇಕು. ಮೊದಲ ಗೇರು, ಆಕ್ಸಲ್ ಮತ್ತು ಟೈರಿನ ಒಟ್ಟು ಗುಣಲಬ್ಧ ಬಯಲಾಗುವುದು ಈ ಎರಡನೆಯ ಪರೀಕ್ಷೆಯಲ್ಲಿ. ದೋಣಿಯನ್ನು ನೀರಿನಿಂದ ಮೇಲೆಳೆಯುವವರಿಗೂ, ಇಕ್ಕಟ್ಟಿನ ಏರುಜಾಗದಲ್ಲಿ ಟ್ರೇಲರನ್ನು ಹಿಮ್ಮುಖವಾಗಿ ತಳ್ಳುವವರಿಗೂ ಬೇಕಾದದ್ದು ಇದೇ.

ಟೈರು ಹೊರುವ ಭಾರ

ಅನುಪಾತದ ಚರ್ಚೆಯಲ್ಲಿ ಮುಳುಗಿದವರು ಮರೆಯುವ ಅಂಶವಿದು. ಅಪಾಯ ಹೆಚ್ಚಿರುವುದೂ ಇಲ್ಲೇ. ಗೇರು ತಪ್ಪಾದರೆ ವಾಹನ ನಿಧಾನವಾಗುತ್ತದೆ. ಟೈರು ತಪ್ಪಾದರೆ ಸಿಡಿಯುತ್ತದೆ.

ಪ್ರತಿ ಟೈರಿನ ಮೇಲೂ ಭಾರ ಸೂಚ್ಯಂಕ ಅಚ್ಚಾಗಿರುತ್ತದೆ. ಮೇಲೆ ಹೇಳಿದ 'ಎಲ್‌ಟಿ 275/70 ಆರ್ 18' ಟೈರಿನ 'ಇ' ಭಾರ ದರ್ಜೆಯ ಮಾದರಿಯಲ್ಲಿ '125/122' ಎಂದಿರುತ್ತದೆ. 125 ಎಂದರೆ ಒಂಟಿಯಾಗಿ ಹಾಕಿದಾಗ 1,650 ಕಿಲೊ. 122 ಎಂದರೆ ಜೋಡಿಯಾಗಿ ಹಾಕಿದಾಗ ಪ್ರತಿಯೊಂದಕ್ಕೆ 1,500 ಕಿಲೊ. ಈ ಭಾರ ಹೊರಲು 80 ಪಿಎಸ್‌ಐ ಗಾಳಿ ಇರಬೇಕು. ಕಾರಿನ ಟೈರಿಗೆ ಹಾಕುವ ಗಾಳಿಯ ಎರಡು ಪಟ್ಟಿಗಿಂತ ಇದು ಹೆಚ್ಚು.

ಇದರ ಬದಲು '35×12.50 ಆರ್ 20' ಟೈರನ್ನು ನೋಡೋಣ. ಎತ್ತರ ಹೆಚ್ಚು, ಅಗಲ ಹೆಚ್ಚು, ನೋಟಕ್ಕೆ ಎರಡು ಪಟ್ಟು ಗಟ್ಟಿ. ಅದರ 'ಇ' ದರ್ಜೆಯ ಸೂಚ್ಯಂಕ ಸಾಮಾನ್ಯವಾಗಿ 121, ಅಂದರೆ 1,450 ಕಿಲೊ. ಗರಿಷ್ಠ ಗಾಳಿ 65 ಪಿಎಸ್‌ಐ. ಹಿಂದಿನ ಆಕ್ಸಲ್ಲಿನ ಎರಡು ಟೈರುಗಳ ಒಟ್ಟು ಸಾಮರ್ಥ್ಯ 3,300 ಕಿಲೊದಿಂದ 2,900ಕ್ಕೆ ಇಳಿಯಿತು. ಹಿಂದಿನ ಆಕ್ಸಲ್ಲಿಗೆ 3,175 ಕಿಲೊ, ಅಂದರೆ 7,000 ಪೌಂಡ್ ಅನುಮತಿ ಇರುವ ಪಿಕಪ್‌ಗೆ ಈ ಟೈರು ಹಾಕಿದರೆ ಆಕ್ಸಲ್ ಹೊರುವಷ್ಟನ್ನು ಟೈರು ಹೊರುವುದಿಲ್ಲ.

ಇದು ಬರೀ ಕಾಗದದ ಲೆಕ್ಕವಲ್ಲ. ಪಿಕಪ್‌ನ ತೊಟ್ಟಿಯೊಳಗಿನ ಕೊಂಡಿಗೆ ಕೂರುವ ಫಿಫ್ತ್ ವ್ಹೀಲ್ ಟ್ರೇಲರ್ ತನ್ನ ತೂಕದ ಶೇ 15ರಿಂದ 25ರಷ್ಟನ್ನು ವಾಹನದ ಮೇಲೆ ಊರುತ್ತದೆ. ಟ್ರೇಲರ್ 6,000 ಕಿಲೊ ಇದ್ದರೆ, ಶೇ 20ರಂತೆ 1,200 ಕಿಲೊ ಬಹುತೇಕ ಹಿಂದಿನ ಆಕ್ಸಲ್ಲಿನ ಮೇಲೆಯೇ ಬೀಳುತ್ತದೆ. ಖಾಲಿ ವಾಹನದಲ್ಲೇ ಆ ಆಕ್ಸಲ್ಲಿನ ಮೇಲೆ 1,400 ಕಿಲೊ ಇದೆಯೆಂದುಕೊಂಡು, ಜನ, ಕೊಂಡಿ ಮತ್ತು ಸಾಮಾನಿಗೆ 200 ಸೇರಿಸಿದರೆ 2,800 ಆಯಿತು. 35 ಇಂಚಿನ ಟೈರುಗಳಿಗೆ ಉಳಿದ ಅವಕಾಶ ಎರಡೂ ಸೇರಿ ನೂರೇ ಕಿಲೊ. ಬೇಸಿಗೆಯ ಕಾದ ಡಾಂಬರಿನ ಮೇಲೆ, ಗಾಳಿ ಸ್ವಲ್ಪ ಇಳಿದ ಟೈರಿನಲ್ಲಿ ಆ ನೂರು ಕಿಲೊ ಲೆಕ್ಕಕ್ಕೇ ಇರುವುದಿಲ್ಲ.

ಬ್ರೇಕಿಗೂ ಇದರ ಪೆಟ್ಟು ಬೀಳುತ್ತದೆ. ಟೈರು ಎತ್ತರವಾದಂತೆ ಬ್ರೇಕಿನ ಅದೇ ಹಿಡಿತಕ್ಕೆ ನೆಲದ ಮೇಲೆ ಸಿಗುವ ತಡೆ ಕಡಿಮೆಯಾಗುತ್ತದೆ, 33.2 ಇಂಚಿನಿಂದ 37ಕ್ಕೆ ಹೋದರೆ ಶೇ 10ರಷ್ಟು ನಷ್ಟ. ಇಳಿಜಾರಿನಲ್ಲಿ, ಹೊಗೆಯ ದಾರಿಯನ್ನು ತಡೆದು ವೇಗ ತಗ್ಗಿಸುವ ಡೀಸೆಲ್ ಎಂಜಿನ್ನಿನ ಎಕ್ಸಾಸ್ಟ್ ಬ್ರೇಕ್ ಟ್ರೇಲರನ್ನು ಹಿಡಿದಿಡುವ ಬಲವೂ ಅದೇ ಪ್ರಮಾಣದಲ್ಲಿ ಕುಗ್ಗುತ್ತದೆ. ಜೊತೆಗೆ ವೇಗಮಾಪಕ ಸುಳ್ಳು ಹೇಳತೊಡಗುತ್ತದೆ. ಕಂಪ್ಯೂಟರಿನಲ್ಲಿ ಹೊಸ ಅಳತೆ ದಾಖಲಿಸದಿದ್ದರೆ 37 ಇಂಚಿನ ಟೈರಿನ ವಾಹನ ಗಂಟೆಗೆ 100 ಕಿ.ಮೀ. ಓಡುವಾಗ ಮಾಪಕ 90 ಎಂದು ತೋರಿಸುತ್ತದೆ. ಗೇರು ಬದಲಾಗುವ ಹೊತ್ತನ್ನೂ ಅದೇ ತಪ್ಪು ಲೆಕ್ಕ ನಿರ್ಧರಿಸುತ್ತದೆ.

ಗೇರು ಬದಲಾಯಿಸುವ ಕೆಲಸ

ಕೊಂಡ ಮೇಲೆ ಅನುಪಾತ ಬದಲಿಸುವುದು ಸಾಧ್ಯ, ಆದರೆ ಟೈರು ಬದಲಿಸಿದಷ್ಟು ಸುಲಭವಲ್ಲ. ಕ್ರೌನ್ ಮತ್ತು ಪಿನಿಯನ್ ಜೋಡಿಯಾಗಿಯೇ ತಯಾರಾಗುತ್ತವೆ. ಒಂದರ ಜೊತೆ ಮತ್ತೊಂದು ಜೋಡಿಯದನ್ನು ಕೂಡಿಸುವಂತಿಲ್ಲ. ನಾಲ್ಕು ಚಕ್ರಗಳ ಚಾಲನೆಯಿರುವ ವಾಹನದಲ್ಲಿ ಮುಂದಿನ ಆಕ್ಸಲ್ಲಿನ ಜೋಡಿಯನ್ನೂ ಬದಲಿಸಲೇಬೇಕು. ಇಲ್ಲದಿದ್ದರೆ ಮುಂದಿನ ಮತ್ತು ಹಿಂದಿನ ಚಕ್ರಗಳು ಬೇರೆಬೇರೆ ವೇಗದಲ್ಲಿ ತಿರುಗಲು ಹೆಣಗಿ, ಎರಡೂ ಆಕ್ಸಲ್‌ಗಳಿಗೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸ್ ಒಡೆಯುತ್ತದೆ. ಕೆಲವು ಆಕ್ಸಲ್‌ಗಳಲ್ಲಿ ಕ್ರೌನ್ ಕೂರುವ ಕ್ಯಾರಿಯರನ್ನೂ ಬದಲಿಸಬೇಕಾಗುತ್ತದೆ. ಪ್ರಸಿದ್ಧ ಡಾನಾ 60 ಆಕ್ಸಲ್ಲಿನಲ್ಲಿ 4.10ರವರೆಗೆ ಒಂದು ಕ್ಯಾರಿಯರ್, 4.56ರಿಂದ ಮೇಲಕ್ಕೆ ಇನ್ನೊಂದು.

ಕೆಲಸದ ನಾಜೂಕು ಹಲ್ಲುಗಳನ್ನು ಹೊಂದಿಸುವುದರಲ್ಲಿದೆ. ಮೆಕ್ಯಾನಿಕ್ ಕ್ರೌನಿನ ಕೆಲವು ಹಲ್ಲುಗಳಿಗೆ ಹಳದಿ ಲೇಪ ಬಳಿದು, ಕೈಯಿಂದ ಹಿಂದೆ ಮುಂದೆ ತಿರುಗಿಸುತ್ತಾನೆ. ಪಿನಿಯನ್ ಒತ್ತಿದ ಕಡೆ ಲೇಪ ಸರಿದು ಲೋಹ ಹೊಳೆಯುತ್ತದೆ. ಆ ಹೊಳಪಿನ ಮಚ್ಚೆ ಹಲ್ಲಿನ ನೆತ್ತಿಗೋ ಬುಡಕ್ಕೋ ಸರಿಯದೆ ನಡುವೆ ಮೂಡಬೇಕು. ಸರಿದಿದ್ದರೆ ಪಿನಿಯನ್ನಿನ ಹಿಂದೆ ಕಾಗದದಷ್ಟು ತೆಳ್ಳಗಿನ ಉಕ್ಕಿನ ಶಿಮ್ ಸೇರಿಸಿಯೋ ತೆಗೆದೋ ಮತ್ತೆ ಜೋಡಿಸಿ, ಮತ್ತೆ ಲೇಪ ಬಳಿದು ನೋಡಬೇಕು. ಎರಡು ಹಲ್ಲುಗಳ ನಡುವೆ ಬಿಡುವ ಸಡಿಲ ಸಾಮಾನ್ಯವಾಗಿ ಮಿಲಿಮೀಟರಿನ ಆರನೆಯ ಒಂದರಿಂದ ನಾಲ್ಕನೆಯ ಒಂದು ಪಾಲಿನಷ್ಟೇ. ಅವಸರದಲ್ಲಿ ಮುಗಿಸಿದ ಕೆಲಸ ಹೆದ್ದಾರಿಯಲ್ಲಿ ಊಳಿಡುವ ಸದ್ದಾಗಿ ಹೊರಬರುತ್ತದೆ. ಹೊಸ ಗೇರುಗಳಿಗೆ ಪಳಗುವ ಕಾಲವೂ ಬೇಕು. ಮೊದಲ 500 ಮೈಲಿ, ಅಂದರೆ 800 ಕಿ.ಮೀ. ಟ್ರೇಲರ್ ಕಟ್ಟಬಾರದು, ಆ ಬಳಿಕ ಆಯಿಲ್ ಬದಲಿಸಬೇಕು ಎಂಬುದು ತಯಾರಕರ ಸಾಮಾನ್ಯ ಸೂಚನೆ.

ಆರಿಸುವ ಕ್ರಮ

ಆಯ್ಕೆ ಟ್ರೇಲರಿನಿಂದ ಆರಂಭವಾಗಬೇಕು. ತುಂಬಿದ ಟ್ರೇಲರಿನ ತೂಕ, ಅದು ವಾಹನದ ಮೇಲೆ ಊರುವ ಭಾರ, ವರ್ಷದಲ್ಲಿ ಎಷ್ಟು ದೂರ ಎಳೆಯಲಾಗುತ್ತದೆ, ದಾರಿಯಲ್ಲಿ ಘಟ್ಟಗಳೆಷ್ಟು ಎಂಬುದನ್ನು ತಿಳಿದ ಮೇಲೆ ಆ ಭಾರವನ್ನು ಧಾರಾಳವಾಗಿ ಹೊರುವ ಟೈರನ್ನು ಗೊತ್ತುಮಾಡಬೇಕು. ಒಂಟಿ ಟೈರುಗಳು ಸಾಲದೆನಿಸಿದರೆ ಉತ್ತರ ಡ್ಯೂಯಲಿಯೇ ಹೊರತು ಇನ್ನೂ ಎತ್ತರದ ಟೈರಲ್ಲ. ಆ ಟೈರಿನ ಎತ್ತರ ತಿಳಿದ ಮೇಲಷ್ಟೇ ಆಕ್ಸಲ್ಲಿನ ಮಾತು.

ವರ್ಷಕ್ಕೆ ನಾಲ್ಕಾರು ಬಾರಿ ಐದಾರು ಟನ್ ಎಳೆದು ಉಳಿದ ದಿನ ಖಾಲಿ ಓಡುವ, ಹತ್ತು ಗೇರಿನ ಡೀಸೆಲ್ ಪಿಕಪ್‌ಗೆ 3.31ರಿಂದ 3.55ರವರೆಗಿನ ಅನುಪಾತ ಸಾಕು. ಆರು ಗೇರಿನ ಡೀಸೆಲ್ಲಿಗೆ 3.73 ಒಳ್ಳೆಯ ಮಧ್ಯಮ ಮಾರ್ಗ. ದಿನನಿತ್ಯ ಹತ್ತು ಟನ್ ಮೀರಿದ ಭಾರ ಎಳೆಯುವವರಿಗೆ, ಗೇರುಗಳೆಷ್ಟೇ ಇರಲಿ, 4.10 ಅಥವಾ 4.30 ಬೇಕು. ಪೆಟ್ರೋಲ್ ಎಂಜಿನ್ನಿಗೆ ಆಯಾ ಸಾಲಿನಲ್ಲಿ ಒಂದು ಮೆಟ್ಟಿಲು ಮೇಲಿನದೇ ಲೇಸು. ಇಷ್ಟಾದರೂ ಕಂಪನಿಯ ಕೋಷ್ಟಕವೇ ಅಂತಿಮ. ವಾಹನ ಮತ್ತು ಟ್ರೇಲರ್ ಸೇರಿದ ಗರಿಷ್ಠ ತೂಕವನ್ನು ಕಂಪನಿಗಳು ಆಕ್ಸಲ್ ಅನುಪಾತಕ್ಕೆ ತಕ್ಕಂತೆ ಬೇರೆಬೇರೆಯಾಗಿ ನಿಗದಿಪಡಿಸುತ್ತವೆ. ಆಮೇಲೆ ಗ್ಯಾರೇಜಿನಲ್ಲಿ ಗೇರು ಬದಲಿಸಿದ ಮಾತ್ರಕ್ಕೆ ಆ ಮಿತಿ ಏರುವುದಿಲ್ಲ.

ಎತ್ತರದ ಟೈರಿನ ಆಸೆ ತೀರದಿದ್ದರೆ ಅದಕ್ಕೆ ತಕ್ಕ ಭಾರ ಸೂಚ್ಯಂಕ, ಅದಕ್ಕೆ ತಕ್ಕ ಆಕ್ಸಲ್, ಸರಿಪಡಿಸಿದ ವೇಗಮಾಪಕ ಮೂರಕ್ಕೂ ಹಣ ತೆಗೆದಿಟ್ಟೇ ಮುಂದುವರಿಯಬೇಕು. ಭಾರ ಎಳೆಯುವುದೇ ಉದ್ದೇಶವಾದರೆ ಕಾರ್ಖಾನೆಯ ಅಳತೆಯ ಟೈರನ್ನು ಮೀರಿಸುವುದು ಯಾವುದೂ ಇಲ್ಲ. ಟ್ರೇಲರ್ ಈಗಾಗಲೇ ಮನೆಯಲ್ಲಿದ್ದರೆ ಅದನ್ನು ಪ್ರಯಾಣಕ್ಕೆ ತುಂಬುವಂತೆಯೇ ತುಂಬಿ, ಹೆದ್ದಾರಿ ಬದಿಯ ವೇಬ್ರಿಡ್ಜಿನಲ್ಲಿ ತೂಗಿಸಿ, ಆ ಚೀಟಿಯನ್ನು ಕೈಯಲ್ಲಿ ಹಿಡಿದೇ ಮಾರಾಟ ಮಳಿಗೆಗೆ ಹೋಗುವುದು ಒಳ್ಳೆಯದು.